ಮಂಗಫಿನ ಏಳು ತಂತಿ

ಮೊನ್ನೆ ಮಗಳು ತುಟಿಗೆ ಹಚ್ಚಿಕೊಳ್ಳುವ ಪುಟ್ಟ ಡಬ್ಬಿಯೊಂದನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿದು, "ಮೂಸಿ ನೋಡಮ್ಮ, ಅಸಲಿ ಜೇನುಮೇಣ" ಅಂದಳು. ಮೂಸಿದೆ ನೋಡಿ, ಅಷ್ಟೇ; ಕೈಯಲ್ಲಿದ್ದ ಕಾಫಿ ಲೋಟವನ್ನು ಅಲ್ಲೇ ಇಟ್ಟು ಕುರ್ಚಿ ಎಳೆದು ಕೂತುಬಿಟ್ಟೆ. ಅವಳಿಗೆ ಗಾಬರಿ. "ಯಾಕೆ, ವಾಸನೆ ಹಿಡಿಸ್ಲಿಲ್ವಾ?" ಹಿಡಿಸದೆ ಏನು! ಮೂವತ್ತು ವರ್ಷಕ್ಕೂ ಹಿಂದೆ, ಕುವೈತಿನ ಮಂಗಫಿನಲ್ಲಿ, ಮೂರನೇ ಮಹಡಿಯ ನಮ್ಮ ಅಡುಗೆಮನೆಯಲ್ಲಿ ಅಮ್ಮ ಸ್ಟೀಲ್ ಬಟ್ಟಲಲ್ಲಿ ಕರಗಿಸಿದ ಮೇಣದ ವಾಸನೆ ಅದು. ಒಲೆಯ ಈ ಕಡೆ ಅಮ್ಮ, ಆ ಕಡೆ ಚಾಕು ಹಿಡಿದ ಅಪ್ಪ, ಬಾಗಿಲಿಗೆ ಒರಗಿ ಕೈಕಟ್ಟಿ ನಿಂತ ಶೆನ್ ಅಂಕಲ್. ಮಧ್ಯೆ ಹತ್ತು ವರ್ಷದ ನಾನು. ಈಗ ಅಮ್ಮ ಇಲ್ಲ, ಅಪ್ಪನಿಗೆ ಮರೆವು, ಆ ಅಡುಗೆಮನೆಯಲ್ಲಿ ಯಾರು ಯಾವ ಭಾಷೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾರೋ ಗೊತ್ತಿಲ್ಲ. ನಿಮಗೂ ಇಂಥದೊಂದು ಮನೆ ಇದ್ದೀತು, ವಿಳಾಸ ಬಾಯಿಪಾಠವಿದ್ದೂ ಹೋಗಿ ಬಾಗಿಲು ತಟ್ಟಲಾರದಂಥದ್ದು. ಅದಕ್ಕೇ ನಿಮಗೆ ಹೇಳಬೇಕು ಅನ್ನಿಸಿತು.

ಎಲ್ಲ ಶುರುವಾದದ್ದು ಅಪ್ಪನ ಒಂದು ಪೆದ್ದುತನದಿಂದ. ಅಪ್ಪ ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಎಂಜಿನಿಯರು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಎಣ್ಣೆಯ ವಾಸನೆ ಹೊತ್ತು ಇಳಿಯುತ್ತಿದ್ದರು. ಯಾವ ಲೋಹ ಎಷ್ಟು ಶಾಖಕ್ಕೆ ಬಾಗುತ್ತದೆ ಅನ್ನೋದು ಅವರಿಗೆ ನಿದ್ದೆಯಲ್ಲೆಬ್ಬಿಸಿ ಕೇಳಿದರೂ ಗೊತ್ತು. ಅಂಥವರು ಮೈಸೂರಿನಿಂದ ಅಮ್ಮನ ವೀಣೆಯನ್ನು, ಮದುವೆಗೆ ಮೊದಲು ಅವಳು ಹನ್ನೆರಡು ವರ್ಷ ನುಡಿಸಿದ ವೀಣೆಯನ್ನು, ಬೇರೆ ಯಾವ ತಿಂಗಳೂ ಸಿಗದವರ ಹಾಗೆ ಜುಲೈನಲ್ಲಿ ಕಾರ್ಗೋಗೆ ಹಾಕಿಸಿಕೊಂಡು ಬಂದರು. ನಾಲ್ಕು ದಿನ ಅದು ವಿಮಾನ ನಿಲ್ದಾಣದ ತಗಡಿನ ಶೆಡ್ಡಿನಲ್ಲಿ ಬೆಂದಿತು. ವೀಣೆಯ ಮೆಟ್ಟಿಲುಗಳು, ಅಂದರೆ ತಂತಿಯ ಕೆಳಗೆ ಸಾಲಾಗಿ ಕೂತಿರುತ್ತವಲ್ಲ ಆ ಲೋಹದ ಪಟ್ಟಿಗಳು, ನಿಂತಿರೋದೇ ಮೇಣದ ಮೇಲೆ. ಮೆಟ್ಟಿಲು ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಪೆಟ್ಟಿಗೆ ಬಿಚ್ಚಿ ನೋಡಿದರೆ ಇಪ್ಪತ್ತನಾಲ್ಕು ಮೆಟ್ಟಿಲೂ ಮದುವೆ ಮನೆಯಲ್ಲಿ ಊಟ ಮುಗಿಸಿ ಮಲಗಿದವರ ಹಾಗೆ ಒಂದರ ಮೇಲೊಂದು ಒರಗಿಕೊಂಡಿದ್ದವು. ಅಮ್ಮ ಅಳಲಿಲ್ಲ. "ಕಬ್ಬಿಣ ಕರಗೋದು ಗೊತ್ತು, ಮೇಣ ಕರಗೋದು ಗೊತ್ತಾಗ್ಲಿಲ್ವೇನ್ರೀ?" ಅಂದಳು, ಅಷ್ಟೇ. ಮೈಸೂರಾಗಿದ್ದರೆ ಮೆಟ್ಟಿಲು ಕೂರಿಸಿಕೊಡುವವರು ಸಿಗುತ್ತಿದ್ದರು. ಅಪ್ಪ ಫರ್ವಾನಿಯಾದಲ್ಲಿ ಗಿಟಾರು ರಿಪೇರಿ ಮಾಡುವವನೊಬ್ಬನ ಹತ್ತಿರ ಹೊತ್ತುಕೊಂಡು ಹೋದರು. ಅವನು ಗವಸು ಸರಿಸಿ ನೋಡಿ, "ಭಾಯಿ, ಖಲಾಸ್" ಅಂದು ಗವಸು ಮುಚ್ಚಿದ. ವೀಣೆ ಮಲಗುವ ಕೋಣೆಯ ಮೂಲೆ ಹಿಡಿಯಿತು, ನಾಲ್ಕು ವರ್ಷ.

ತೊಂಬತ್ತರ ಫೆಬ್ರವರಿ. ಕುವೈತಿನಲ್ಲಿ ಎ.ಸಿ. ಆರಿಸಿ ಕಿಟಕಿ ತೆರೆಯಬಹುದಾದ ಕೆಲವೇ ವಾರಗಳಿರುತ್ತವೆ, ಆ ದಿನಗಳು. ಒಂದು ಶುಕ್ರವಾರ ಬೆಳಿಗ್ಗೆ ಅಮ್ಮ ಅಕ್ಕಿ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. ಕೆಳಗಿನ ಮನೆಯಿಂದ ಒಂದು ಸದ್ದು. ಸದ್ದು ಅನ್ನೋದಕ್ಕಿಂತ ಸದ್ದಿನ ನೆರಳು ಅನ್ನಬೇಕು, ಅಷ್ಟು ಮೆತ್ತಗೆ. ಒಂದು ಸ್ವರ ಮೀಟಿ, ಅದನ್ನು ಎಳೆದು, ಜಾರಿಸಿ, ಅದು ಪೂರ್ತಿ ಇಲ್ಲವಾಗುವವರೆಗೂ ಕಾದು ಇನ್ನೊಂದು. "ಗಮಕ ಕಣೇ ಪುಟ್ಟಿ! ಯಾರೋ ಗಮಕ ಹಿಡೀತಿದಾರೆ!" ಅಂದಳು ಅಮ್ಮ. ನಾನು ಎಂದಿನಂತೆ ಇಂಗ್ಲಿಷಿನಲ್ಲಿ "ಸೋ ವಾಟ್" ಅಂದೆ, ತಲೆಗೊಂದು ಮೊಟಕಿಸಿಕೊಂಡೆ. ಆ ಮಧ್ಯಾಹ್ನ ಒಂದು ತಟ್ಟೆ ಕೋಡುಬಳೆ ಹಿಡಿದು ಇಬ್ಬರೂ ಕೆಳಗಿಳಿದೆವು. ಬಾಗಿಲು ತೆರೆದವರು ಐವತ್ತರ ಆಸುಪಾಸಿನ ತೆಳ್ಳಗಿನ ಚೀನೀ ಮನುಷ್ಯ. ಹೆಸರು ಶೆನ್. ಮೀನಾ ಅಬ್ದುಲ್ಲಾದಲ್ಲಿ ಕಾಮಗಾರಿ ಹಿಡಿದ ಚೀನಾದ ಕಂಪನಿಯೊಂದರ ದುಭಾಷಿ. ವಾರವೆಲ್ಲ ಸೈಟಿನ ಕ್ಯಾಂಪು, ಗುರುವಾರ ಸಂಜೆ ಮಂಗಫಿನ ಮನೆ. ಕೋಡುಬಳೆ ಕಚ್ಚಿದರು, ಖಾರಕ್ಕೆ ಕಣ್ಣಲ್ಲಿ ನೀರು, ಆದರೂ ಮರ್ಯಾದೆಗೆ ಇನ್ನೊಂದು ತಗೊಂಡರು. ಅವರದು ಪುಸ್ತಕದಿಂದ ಕಲಿತ ಇಂಗ್ಲಿಷು, ಅಮ್ಮನದು ಕಾಲೇಜಿನಲ್ಲಿ ಕಲಿತದ್ದು. ಅವರಿಬ್ಬರ ಮಾತೆಲ್ಲ ನನ್ನ ತಲೆಯಲ್ಲಿ ಯಾಕೋ ಕನ್ನಡವಾಗಿಯೇ ಉಳಿದುಬಿಟ್ಟಿದೆ.

ಮೇಜಿನ ಮೇಲೆ ಮಲಗಿತ್ತು ಅವರ ವಾದ್ಯ. ನನ್ನ ಕಣ್ಣಿಗೆ ಕಪ್ಪು ಹಲಗೆ. ಬುರುಡೆಯಿಲ್ಲ, ಮೆಟ್ಟಿಲಿಲ್ಲ, ಏಳು ತಂತಿ, ಅಂಚಿನಲ್ಲಿ ಮುತ್ತಿನ ಚಿಪ್ಪಿನ ಹದಿಮೂರು ಚುಕ್ಕಿ. ಅದರ ಹೆಸರು ಚಿನ್. ಈಗ ಗುಚಿನ್ ಅನ್ನುತ್ತಾರೆ, ಗು ಅಂದರೆ ಹಳೆಯದು ಅಂತ. "ಎರಡು ಸಾವಿರ ವರ್ಷಕ್ಕಿಂತ ಹೆಚ್ಚು ಕಾಲ ಬರೀ ಚಿನ್ ಅಂತಿದ್ದೆವು, ಈಚೆಗೆ ಬೇರೆ ವಾದ್ಯಗಳಿಗೂ ಆ ಹೆಸರು ಹಂಚಿಬಿಟ್ಟು ಇದನ್ನು ಮುದುಕನನ್ನಾಗಿ ಮಾಡಿದ್ದೇವೆ" ಅಂತ ನಕ್ಕರು. ಮೇಲ್ಭಾಗದ ಉಬ್ಬು ಆಕಾಶವಂತೆ, ಕೆಳಗಿನ ಮಟ್ಟಸ ನೆಲವಂತೆ. ಮೊದಲಿಗೆ ಐದೇ ತಂತಿಯಿದ್ದು ಆಮೇಲೆ ರಾಜರು ಎರಡು ಸೇರಿಸಿದರಂತೆ. ಅರಗಿನಂಥ ಲೇಪದಲ್ಲಿ ಜಿಂಕೆ ಕೊಂಬಿನ ಪುಡಿ ಕಲೆಸಿರುತ್ತಾರೆ, ನೂರಾರು ವರ್ಷಕ್ಕೆ ಅದು ಸಣ್ಣಗೆ ಬಿರುಕು ಬಿಡುತ್ತದೆ, ಬಿರುಕು ಬಿಟ್ಟಷ್ಟೂ ಬೆಲೆ ಹೆಚ್ಚು. "ನಮ್ಮ ಅತ್ತೆಗೆ ಹೇಳ್ಬೇಕು ಇದನ್ನ" ಅಂದಳು ಅಮ್ಮ. ಓದು ಬರಹ ಬಲ್ಲವರು ಕಲಿಯಲೇಬೇಕಾದ ವಿದ್ಯೆಗಳಲ್ಲಿ ಇದು ಒಂದಾಗಿತ್ತಂತೆ. ಆದರೆ ಸಭೆಯಲ್ಲಿ ನುಡಿಸಲಲ್ಲ, ತನಗೆ ತಾನೇ, ಹೆಚ್ಚೆಂದರೆ ಒಬ್ಬ ಸ್ನೇಹಿತನಿಗೆ. ಅದರ ಪಾಠವನ್ನು ನಮ್ಮ ಸರಿಗಮದ ಹಾಗೆ ಸ್ವರದಲ್ಲಿ ಬರೆಯೋದಿಲ್ಲ. ಯಾವ ಬೆರಳು, ಯಾವ ತಂತಿ, ಯಾವ ಚುಕ್ಕಿಯ ಹತ್ತಿರ, ಒಳಕ್ಕೋ ಹೊರಕ್ಕೋ ಅಂತ ಬರೆಯುತ್ತಾರೆ. ಎಷ್ಟು ಹೊತ್ತು ಅಂತ ಮಾತ್ರ ಬರೆಯೋದಿಲ್ಲ. ಅದನ್ನು ಗುರುವಿನ ಬಾಯಿಂದಲೇ ಕೇಳಬೇಕು. "ನಮ್ಮಲ್ಲೂ ಅಷ್ಟೇ, ಗಮಕ ಪುಸ್ತಕದಲ್ಲಿ ಎಲ್ಲಿ ಬರತ್ತೆ?" ಅಂತ ಅಮ್ಮ ಎಷ್ಟು ಜೋರಾಗಿ ಹೇಳಿದಳೆಂದರೆ ನನಗೆ ನಾಚಿಕೆಯಾಯಿತು.

ಆ ಚಿನ್ನಿಗೆ ಒಂದು ಸಣ್ಣ ಹುಳಿ ವಾಸನೆಯಿತ್ತು. ನಾನು ಮೂಗು ಅರಳಿಸಿದ್ದನ್ನು ಕಂಡು ಶೆನ್ ಅಂಕಲ್ ಅದರ ಕಥೆಯನ್ನೂ ಹೇಳಿದರು. ಅದು ಅವರ ತಾತನದು. ಚೀನಾದಲ್ಲಿ ಹಳೆಯದೆಲ್ಲ ಕೆಟ್ಟದ್ದು ಅಂತ ಹೇಳಿ ಮನೆಮನೆಗೆ ನುಗ್ಗಿ ಪುಸ್ತಕ, ಚಿತ್ರ, ವಾದ್ಯ ಎಲ್ಲವನ್ನೂ ಬೀದಿಯಲ್ಲಿ ಸುಟ್ಟ ವರ್ಷಗಳು ಬಂದವಲ್ಲ, ಆಗ ಅವರ ತಾಯಿ ರಾತ್ರೋರಾತ್ರಿ ತಂತಿ ಕಿತ್ತು, ಚಿನ್ನನ್ನು ಬೋರಲು ಹಾಕಿ, ಅಡುಗೆಮನೆಯ ಗೋಡೆಗೆ ಹಲಗೆ ಹೊಡೆದ ಹಾಗೆ ಕೂರಿಸಿಬಿಟ್ಟರಂತೆ. ತಳದಲ್ಲಿ ಸ್ವರ ಹೊರಡಲು ಎರಡು ತೂತಿವೆ. ಆ ತೂತಿನ ಮೇಲೆ ಎರಡು ಉಪ್ಪಿನಕಾಯಿ ಜಾಡಿ. ಮನೆ ಜಾಲಾಡಲು ಬಂದವರು ಅದೇ ಜಾಡಿಯಿಂದ ಉಪ್ಪಿನಕಾಯಿ ತೆಗೆದು ತಿಂದು ಹೋದರಂತೆ. ಹತ್ತು ವರ್ಷ ಆಕೆ ಅದನ್ನು ಇಳಿಸಲಿಲ್ಲ, ಮಗನ ಮುಂದೆಯೂ ಅದನ್ನು ಬರೀ ಶೆಲ್ಫು ಅಂತಲೇ ಕರೆಯುತ್ತಿದ್ದರಂತೆ. ಅಮ್ಮ ಈ ಕಥೆ ಕೇಳುವಾಗ ಸೆರಗಿನ ತುದಿ ಹಿಡಿದುಕೊಂಡು ಕೂತಿದ್ದಳು. ಮೇಲೆ ಬಂದ ಮೇಲೆ ಅಪ್ಪನಿಗೆ ಮೂರು ಸಲ ಹೇಳಿದಳು, ಮೂರನೇ ಸಲ ಜಾಡಿಯ ಅಳತೆಯನ್ನೂ ಕೈಯಲ್ಲಿ ತೋರಿಸಿ.

ಮುಂದಿನ ಶುಕ್ರವಾರ ಶೆನ್ ಅಂಕಲ್ ಮೇಲೆ ಬಂದು ನಮ್ಮ ಮಲಗಿದ ವೀಣೆಯನ್ನು ನೋಡಿದರು. ಬಗ್ಗಿ, ಒರಗಿದ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸಿದರು. ಆಮೇಲೆ, "ನಮ್ಮದಕ್ಕೆ ಮೆಟ್ಟಿಲೇ ಇಲ್ಲ ಮೇಡಂ. ಅಂದರೆ ಸ್ವರ ಎಲ್ಲಿದೆ ಅಂತ ಹುಡುಕೋದೇ ನನ್ನ ಕೆಲಸ. ಹುಡುಕೋಣ" ಅಂದರು. ಅಬ್ಬಾ, ಅಪ್ಪನ ಮುಖ ನೋಡಬೇಕಿತ್ತು ನೀವು! ಪ್ರಾಯಶ್ಚಿತ್ತಕ್ಕೆ ದಾರಿ ಸಿಕ್ಕ ಸಂತೋಷದಲ್ಲಿ ಆವತ್ತೇ ಸೂಕ್‌ಗೆ, ಅಂದರೆ ಅಲ್ಲಿನ ಹಳೇ ಪೇಟೆಗೆ, ಹೋಗಿ ಜೇನು ಮಾರುವ ಮುದುಕನಿಂದ ಮೇಣದ ಗಟ್ಟಿ ತಂದರು. ಮೇಣಕ್ಕೆ ಮಸಿ ಬೆರೆಸಬೇಕು, ಇಲ್ಲದಿದ್ದರೆ ಹಿಡಿತವಿಲ್ಲ ಅಂತ ಅಮ್ಮ ಗುರುಗಳ ಮನೆಯಲ್ಲಿ ನೋಡಿದ್ದಳು. ಮಸಿಗೆ ಎಲ್ಲಿ ಹೋಗೋದು? ಕಾಡಿಗೆ ಮಾಡುವ ಹಾಗೆ ತುಪ್ಪದ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ವಾರವಿಡೀ ಕಪ್ಪು ಹಿಡಿದಳು. ಮೂರು ಶುಕ್ರವಾರ ನಡೆಯಿತು ಕೆಲಸ. ಅಮ್ಮ ಸ್ವರ ಹಾಡುತ್ತಿದ್ದಳು, ಶೆನ್ ಅಂಕಲ್ ಕಣ್ಣು ಮುಚ್ಚಿ ತಂತಿಯ ಮೇಲೆ ಬೆರಳು ಜಾರಿಸುತ್ತ ಹೋಗಿ ಒಂದು ಕಡೆ ನಿಲ್ಲುತ್ತಿದ್ದರು, ಅಪ್ಪ ಪೆನ್ಸಿಲ್ ಗುರುತು ಹಾಕಿ ಕಾಯಿಸಿದ ಚಾಕುವಿನಿಂದ ಮೇಣ ಒತ್ತಿ ಮೆಟ್ಟಿಲು ಕೂರಿಸುತ್ತಿದ್ದರು. ಅವರ ಸಂಗೀತದಲ್ಲೂ ಇರುವ ಐದು ಸ್ವರ ಥಟ್ಟನೆ ಸಿಕ್ಕಿದವು. ಉಳಿದವಕ್ಕೆ ಅವರು ಕೈ ಎತ್ತಿಬಿಟ್ಟರು: "ಇವು ನಿಮ್ಮ ದೇಶದವು, ನೀವೇ ಹೇಳಬೇಕು." ಅಮ್ಮ ಹಾಡಿದ್ದೇ ಹಾಡಿದ್ದು. ಒಂದು ಮೆಟ್ಟಿಲಿಗೆ ಒಂದು ಗಂಟೆ.

ಮೂರನೇ ಶುಕ್ರವಾರ ಸಂಜೆ ಅಮ್ಮ ಮೊದಲ ಬಾರಿ ನುಡಿಸಿದ್ದು ಮೋಹನ ರಾಗ, ಐದೇ ಸ್ವರದ್ದು. ಶೆನ್ ಅಂಕಲ್ ಎರಡು ಕೈಯನ್ನೂ ಮಂಡಿಯ ಮೇಲಿಟ್ಟು ಮಗುವಿನ ಹಾಗೆ ಕೂತು ಕೇಳಿದರು. ಮುಗಿದ ಮೇಲೆ, "ನಮ್ಮೂರಿನ ಯಾರೋ ನನ್ನನ್ನು ಹೆಸರು ಹಿಡಿದು ಕರೆದ ಹಾಗಾಯಿತು" ಅಂದರು. ಅಮ್ಮ ಆವತ್ತು ಅತ್ತಳು. ಮೇಣ ಕರಗಿದ ದಿನ ಅಳದವಳು, ನಾಲ್ಕು ವರ್ಷದ್ದನ್ನೂ ಸೇರಿಸಿ ಅತ್ತಳು. ಅಲ್ಲಿಂದ ಮುಂದೆ ನಮ್ಮ ಮನೆಯ ಶುಕ್ರವಾರವೇ ಬೇರೆಯಾಯಿತು. ಬೆಳಿಗ್ಗೆ ಕೆಳಗೆ ಚಿನ್, ಸಂಜೆ ಮೇಲೆ ವೀಣೆ. ಬೇಸಿಗೆ ಬಂತು, ಮನುಷ್ಯರು ಬೆವರಲಿ ಬಿಡಲಿ, ವೀಣೆಯ ಕೋಣೆಯ ಎ.ಸಿ. ಹಗಲೂ ರಾತ್ರಿ ಓಡಬೇಕು. "ನನಗಿಂತ ವೀಣೆಗೇ ಉಪಚಾರ ಜಾಸ್ತಿ" ಅಂತ ಅಪ್ಪ ಗೊಣಗಿದರೆ, "ನೀವು ಕರಗಲ್ವಲ್ಲ" ಅನ್ನುತ್ತಿದ್ದಳು. ಅವಳು ಸಾರಿಗೆ ಉಪ್ಪು ಹಾಕುತ್ತ ಹಾಡಿಕೊಳ್ಳುವುದನ್ನು ನಾನು ಕೇಳಿದ್ದು ಆ ನಾಲ್ಕು ತಿಂಗಳೇ. ಅಷ್ಟಾದರೂ ಸಿಕ್ಕಿತಲ್ಲ ಅಂತ ಈಗಲೂ ಕೈ ಮುಗಿಯುತ್ತೇನೆ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಆ ಗುರುವಾರ ಬೆಳಿಗ್ಗೆ ಶೆನ್ ಅಂಕಲ್ ಕ್ಯಾಂಪಿನಲ್ಲೇ ಇದ್ದರು, ಸಂಜೆ ಮನೆಗೆ ಬರಬೇಕಾದವರು ಬರಲಾಗಲಿಲ್ಲ. ಸುಮಾರು ದಿನದ ಮೇಲೆ ಒಂದು ಮಧ್ಯಾಹ್ನ ಫೋನು ಬಂತು. ಕಂಪನಿಯವರು ಎಲ್ಲರನ್ನೂ ಸೈಟಿನಿಂದಲೇ ಬಸ್ಸಿಗೆ ಹತ್ತಿಸುತ್ತಿದ್ದಾರೆ, ಮಂಗಫಿಗೆ ಬಿಡುತ್ತಿಲ್ಲ. "ಕೀ ನಿಮ್ಮ ಹತ್ತಿರ ಇದೆಯಲ್ಲ ಮೇಡಂ. ಅಡುಗೆಮನೆಯಲ್ಲಿ ಒಂದು ಮೂಟೆ ಅಕ್ಕಿ ಇದೆ, ಎಣ್ಣೆ ಇದೆ. ದಯವಿಟ್ಟು ತಗೊಂಡು ಊಟ ಮಾಡಿ. ಮಗು ಹಸಿಯಬಾರದು." ಅಮ್ಮ ಹೂಂ ಹೂಂ ಅನ್ನುತ್ತಿದ್ದಳು. ಫೋನು ಇಟ್ಟಳು. "ಚಿನ್ ಬಗ್ಗೆ ಒಂದು ಮಾತೂ ಎತ್ತಲಿಲ್ಲ ಕಣ್ರೀ" ಅಂದಳು ಅಪ್ಪನಿಗೆ. "ಕೇಳಿದ್ರೆ ನಾವು ಹೊರಬೇಕಾಗತ್ತಲ್ಲ ಅಂತ ಎತ್ತಲಿಲ್ಲ." ಅಂಗಡಿಗಳು ಬರಿದಾದ ಆ ದಿನಗಳಲ್ಲಿ ನಾವು ಮೂರು ವಾರ ಉಂಡದ್ದು ಅವರ ಅಕ್ಕಿ. ಅಂಟಂಟು ಚೀನೀ ಅಕ್ಕಿ. ಸಾರು ಕಲೆಸಿದರೆ ಪಾಯಸದ ಹಾಗಾಗುತ್ತಿತ್ತು. ನಾನು ಮುಖ ಸೊಟ್ಟ ಮಾಡಿದ್ದೆ. ಈಗ ನೆನೆದರೆ ಆ ತುತ್ತಿಗೆ ನಮಸ್ಕಾರ ಮಾಡಬೇಕು ಅನ್ನಿಸುತ್ತದೆ.

ಸೆಪ್ಟೆಂಬರಿನಲ್ಲಿ ನಮ್ಮ ಸರದಿ. ಎದುರಿನ ಕಟ್ಟಡದ ಡಿಸೋಜಾ ಅಂಕಲ್, ಮಂಗಳೂರಿನವರು, ಯಾವುದೋ ಆಫೀಸಿನಲ್ಲಿ ಕೆಲಸ, ಎಲ್ಲೆಲ್ಲೋ ಓಡಾಡಿ ಬಸ್ರಾಕ್ಕೆ, ಅಲ್ಲಿಂದ ಬಾಗ್ದಾದಿನ ಮೇಲೆ ಜೋರ್ಡಾನಿಗೆ ಬಸ್ಸುಗಳನ್ನು ಗೊತ್ತು ಮಾಡಿದ್ದರು. ಹಿಂದಿನ ದಿನ ಸಂಜೆ ಪಟ್ಟಿ ಹಿಡಿದು ಬಂದವರು ನಮ್ಮ ಹಜಾರದಲ್ಲಿ ಅಕ್ಕಪಕ್ಕ ಒರಗಿಸಿಟ್ಟಿದ್ದ ವೀಣೆ, ಕೆಳಗಿನ ಮನೆಯಿಂದ ತಂದ ಚಿನ್ ಎರಡನ್ನೂ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು. "ಎಂಥ ಅಕ್ಕ ಇದು! ಒಬ್ಬರಿಗೆ ಒಂದು ಚೀಲ ಅಂತ ಹೇಳಿದ್ದಲ್ಲವಾ? ಹೋಗ್ಲಿ, ಉದ್ದದ್ದು ಒಂದು ಹೇಗಾದರೂ ಹಾಕುವ. ಎರಡು ಆಗುದಿಲ್ಲ ಮಾರಾಯ್ತಿ, ಜನರಿಗೇ ಜಾಗ ಇಲ್ಲ." ಅವರು ಹೋದ ಮೇಲೆ ಅಪ್ಪ ವೀಣೆಯ ಗವಸಿಗೆ ಹಗ್ಗ ಸುತ್ತತೊಡಗಿದರು. ಅಮ್ಮ ಹಗ್ಗ ಹಿಡಿದು ನಿಲ್ಲಿಸಿದಳು. ಅಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಹುಚ್ಚಾ ನಿನಗೆ? ಯಾರದೋ ವಾದ್ಯಕ್ಕೆ ನಿನ್ನದನ್ನ ಬಿಡ್ತೀಯಾ? ನಾಲ್ಕು ವರ್ಷ ಕಾದಿದೀಯ!" ಅಮ್ಮನ ದನಿ ಏರಲಿಲ್ಲ. "ಒಬ್ಬಳು ಹೆಂಗಸು ಹತ್ತು ವರ್ಷ ಉಪ್ಪಿನಕಾಯಿ ಜಾಡಿ ಹೊರಿಸಿ ಕಾಪಾಡಿದ್ದನ್ನ ನಾನು ಬಾಗಿಲು ಹಾಕ್ಕೊಂಡು ಬಿಟ್ಟು ಹೋಗಲಾ? ಆಕೆ ಇನ್ನೂ ಇದಾರಂತೆ. ನಾಳೆ ಮಗ ಬರೀ ಕೈಲಿ ಹೋಗಿ ಅವರ ಮುಂದೆ ನಿಂತ್ಕೋಬೇಕಾ? ನನ್ನ ವೀಣೆ ಮಾಡೋರು ಮೈಸೂರಲ್ಲಿ ಇದಾರೆ. ಇದನ್ನ ಮಾಡಿದೋರು ಎಲ್ಲೂ ಇಲ್ಲ." ಅಪ್ಪ ಹಗ್ಗ ಕೆಳಗೆ ಹಾಕಿ ಬಾಲ್ಕನಿಗೆ ಹೋದರು. ನನಗೆ ಆಗ ಅಮ್ಮನ ಮೇಲೆ ಕೆಟ್ಟ ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಹೊರಡುವಾಗ ಅಪ್ಪ ಅಭ್ಯಾಸಬಲದಿಂದ ಮೇನ್ ಸ್ವಿಚ್ಚಿಗೆ ಕೈ ಹಾಕಿದರು. "ಎ.ಸಿ. ಇರ್ಲಿ" ಅಂದಳು ಅಮ್ಮ. "ಎಷ್ಟು ದಿನ ಓಡತ್ತೆ ಅದು?" "ಓಡುವಷ್ಟು ದಿನ ಓಡ್ಲಿ." ಕಿಟಕಿಯ ಪರದೆ ಎಳೆದು, ವೀಣೆಯನ್ನು ಬಿಸಿಲು ಬೀಳದ ಗೋಡೆಯ ಕಡೆ ಮಲಗಿಸಿ, ಗವಸಿನ ಮೇಲೆ ಒಂದು ಸಲ ಕೈಯಾಡಿಸಿದಳು. ಬಾಗಿಲಿಗೆ ಬೀಗ ಹಾಕಿದ ಮೇಲೂ ಒಳಗೆ ಎ.ಸಿ. ಗುಂಯ್ ಅನ್ನುತ್ತಿದ್ದುದು ಮೆಟ್ಟಿಲವರೆಗೂ ಕೇಳಿಸುತ್ತಿತ್ತು.

ಚಿನ್ ನಮ್ಮ ಮೂವರ ತೊಡೆಯ ಮೇಲೆ ಅಡ್ಡಡ್ಡ ಮಲಗಿ ಬಂತು. ಅಮ್ಮ ಅದರ ತಂತಿ ಬಿಚ್ಚಿ ಸೀರೆಯ ಒಳಗೆ ಸುತ್ತಿಟ್ಟಿದ್ದಳು, ಹಲಗೆಯನ್ನು ಹಳೆ ಬೆಡ್‌ಶೀಟಿನಲ್ಲಿ ಕಟ್ಟಿದ್ದಳು. ಬಸ್ರಾದ ಹತ್ತಿರ ಮಟಮಟ ಮಧ್ಯಾಹ್ನ ಬಸ್ಸು ನಿಲ್ಲಿಸಿ ಸೈನಿಕರು ಹತ್ತಿದರು. ರೇಡಿಯೋ, ಕ್ಯಾಮೆರಾ, ಟೇಪ್‌ರೆಕಾರ್ಡರು, ಕಂಡದ್ದೆಲ್ಲ ಕೆಳಗಿಳಿಯಿತು. ಮೀಸೆ ಮೂಡುತ್ತಿದ್ದ ಒಬ್ಬ ನಮ್ಮ ಗಂಟಿಗೆ ಬಂದೂಕಿನ ತುದಿ ತಾಗಿಸಿ ಏನಿದು ಅಂತ ಕೇಳಿದ. ಅಮ್ಮ ನಿಧಾನವಾಗಿ ಗಂಟು ಬಿಚ್ಚಿದಳು. ಒಳಗೆ ಚಿನ್ ಬೋರಲಾಗಿ ಮಲಗಿತ್ತು, ಮಟ್ಟಸ ತಳ ಮೇಲೆ, ತೂತುಗಳು ಕಾಣದ ಹಾಗೆ ಚಪಾತಿ ಹಿಟ್ಟಿನ ಎರಡು ಪೊಟ್ಟಣ, ನಡುವೆ ನಮ್ಮ ಮನೆಯ ಲಟ್ಟಣಿಗೆ! ಯಾವಾಗ ಹಾಗೆ ಕಟ್ಟಿದ್ದಳೋ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. "ಖುಬ್ಜ್" ಅಂದಳು, ರೊಟ್ಟಿ ಅಂತ, ಅವಳಿಗೆ ಬರುತ್ತಿದ್ದ ನಾಲ್ಕೈದು ಅರಬ್ಬಿ ಮಾತಿನಲ್ಲಿ ಒಂದು. ಲಟ್ಟಣಿಗೆ ತಗೊಂಡು ಲಟ್ಟಿಸಿಯೂ ತೋರಿಸಿದಳು. ಇಷ್ಟುದ್ದದ ಚಪಾತಿ ಮಣೆಯನ್ನು ಆ ಹುಡುಗ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಒಂದು ಕ್ಷಣ ಅಮ್ಮನನ್ನೇ ನೋಡಿದ. ನಂಬಿದನೋ, ಅವನ ತಾಯಿಯ ನೆನಪಾಯಿತೋ, ನನಗೆ ಇವತ್ತಿಗೂ ತಿಳಿಯದು. "ಯಲ್ಲಾ" ಅಂತ, ನಡೀರಿ ಅಂತ, ನನ್ನ ತಲೆ ತಟ್ಟಿ ಮುಂದೆ ಹೋದ. ಅವನು ಯುದ್ಧದಲ್ಲಿ ಉಳಿದಿರಲಿ ಅಂತ ನಾನು ಎಷ್ಟೋ ಸಲ ಬೇಡಿಕೊಂಡಿದ್ದೇನೆ.

ಮೈಸೂರಿನ ಅಜ್ಜಿ ಮನೆಯಲ್ಲಿ ಚಿನ್ ಅಕ್ಕಿ ಡಬ್ಬದ ಮೇಲೆ ಕೂತಿತು. "ಎಲ್ಲರೂ ಚಿನ್ನ ತಂದ್ರೆ ನೀನು ಹಲಗೆ ತಂದ್ಯಲ್ಲೇ ತಾಯಿ" ಅಂತ ಅಜ್ಜಿ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು, ಅಮ್ಮ ದಿನಾ ಒಣ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದಳು. ಶೆನ್ ಅಂಕಲ್ ಮನೆಯ ಡ್ರಾಯರಿನಿಂದ ಅವರ ತಾಯಿ ಬರೆದ ಕಾಗದದ ಲಕೋಟೆಯೊಂದನ್ನು ಎತ್ತಿಕೊಂಡು ಬಂದಿದ್ದಳು. ಅದರ ಹಿಂದಿನ ಚೀನೀ ವಿಳಾಸವನ್ನು ನಾನು ರಂಗೋಲಿ ನಕಲು ಮಾಡುವ ಹಾಗೆ ಗೆರೆ ಗೆರೆಯಾಗಿ ಇಳಿಸಿದೆ. ಒಂದಲ್ಲ, ಮೂರು ಕಾಗದ ಹಾಕಿದೆವು. ತೊಂಬತ್ತೊಂದರ ಬೇಸಿಗೆಯಲ್ಲಿ ಅಪ್ಪನನ್ನು ಕಂಪನಿ ವಾಪಸು ಕರೆಸಿಕೊಂಡಿತು. ಅಲ್ಲಿಂದ ಬಂದ ಮೊದಲ ಪತ್ರದಲ್ಲಿ ಮನೆಯ ವಿಷಯ ಎರಡೇ ಸಾಲು: ಕೆಳಗಿನ ಮನೆ, ನಮ್ಮ ಮನೆ ಎರಡಕ್ಕೂ ಬಾಗಿಲೇ ಇಲ್ಲ, ಒಳಗೆ ಒಂದು ಚಮಚವೂ ಉಳಿದಿಲ್ಲ. ಅಮ್ಮ ಓದಿ, ಮಡಚಿ, ದೇವರ ಗೂಡಿನಲ್ಲಿಟ್ಟಳು. ಆಮೇಲೆ ಬೀದಿಯ ಕೊನೆಯ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಲು ಸೇರಿದಳು, ಶಾಲೆಯ ವೀಣೆಯಲ್ಲಿ. ಕೊನೆಯವರೆಗೂ ತನಗೆ ಅಂತ ಇನ್ನೊಂದು ಕೊಳ್ಳಲಿಲ್ಲ. ಮಾಡೋರು ಮೈಸೂರಲ್ಲೇ ಇದ್ದರು.

ಆ ವರ್ಷದ ಕೊನೆಯಲ್ಲಿ ಒಂದು ಬೆಳಿಗ್ಗೆ ಚೀನೀ ಹುಡುಗಿಯೊಬ್ಬಳು ಅಜ್ಜಿ ಮನೆಯ ಬಾಗಿಲಿಗೆ ಬಂದಳು. ದಿಲ್ಲಿಯಲ್ಲಿ ಓದುತ್ತಿದ್ದವಳು, ಓದು ಮುಗಿಸಿ ಊರಿಗೆ ಹೊರಟವಳು. ಕೈಯಲ್ಲಿ ಶೆನ್ ಅಂಕಲ್ ಪತ್ರ. ಅಮ್ಮ ಅವಳನ್ನು ಕೂರಿಸಿ, ಉಪ್ಪಿಟ್ಟು ಕಾಫಿ ಕೊಟ್ಟು, ಚಿನ್ನನ್ನು ಹೊಸ ಹಾಸಿಗೆ ಬಟ್ಟೆಯಲ್ಲಿ ಸುತ್ತುತ್ತ, "ಓದೇ ಪುಟ್ಟಿ" ಅಂದಳು. ಓದಿದೆ. ನಮ್ಮ ಕಾಗದ ಕೈಗೆ ಬಂದ ದಿನ ಅವರ ತಾಯಿ ಎಂಬತ್ತೆರಡನೆಯ ವಯಸ್ಸಿನಲ್ಲಿ ಅಡುಗೆಮನೆಯ ಆ ಗೋಡೆಯ ಮುಂದೆ ಹೋಗಿ ನಿಂತು ಜೋರಾಗಿ ನಕ್ಕರಂತೆ. ಶೆನ್ ಅಂಕಲ್, ತಾನು ಅದನ್ನು ಸತ್ತದ್ದೆಂದೇ ಎಣಿಸಿ ಮೈಲಿಗೆ ಕಳೆದಿದ್ದೆ ಅನ್ನುವಂಥದೇನೋ ಬರೆದಿದ್ದರು. ಕೊನೆಯಲ್ಲಿ ಒಂದು ಪ್ರಶ್ನೆ: "ಮೇಡಂ, ನಾನೂ ಅಂಥದೇ ಬಸ್ಸಿನಲ್ಲಿ ಬಂದವನು, ಅಲ್ಲಿ ಎಷ್ಟು ಜಾಗವಿರುತ್ತದೆ ಅಂತ ನನಗೆ ಗೊತ್ತು. ನಿಮ್ಮ ವೀಣೆ ಬಂತೇ?"

ಹುಡುಗಿಗೆ ರೈಲಿನ ಹೊತ್ತಾಗುತ್ತಿತ್ತು. ಉತ್ತರ ಬರೆದುಕೊಟ್ಟರೆ ತಾನೇ ತಲುಪಿಸುತ್ತೇನೆ ಅಂದಳು. ತನ್ನ ಸ್ಪೆಲ್ಲಿಂಗಿನ ಮೇಲೆ ಅಮ್ಮನಿಗೆ ನಂಬಿಕೆಯಿಲ್ಲ, ಇಂಗ್ಲಿಷ್ ಪತ್ರವೆಲ್ಲ ನನ್ನದೇ. ಪೆನ್ನು ಹಿಡಿದು ಕೂತೆ. ಅಮ್ಮ ಗಂಟು ಬಿಗಿಯುವುದನ್ನು ಮುಗಿಸಿ, ಕೈ ಒರೆಸಿಕೊಂಡು, "ಬಂತು ಅಂತ ಬರಿ" ಅಂದಳು. ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಒಂದು ಸಣ್ಣ ಸುಳ್ಳಿಗೆ ತೊಡೆ ಕೆಂಪಾಗುವ ಹಾಗೆ ಚಿವುಟುತ್ತಿದ್ದ ಅಮ್ಮ. "ನೋಡ್ತೀಯೇನು, ಬರಿ. ವೀಣೆ ಸುಖವಾಗಿ ಬಂತು. ದಿನಾ ನುಡಿಸ್ತೀನಿ. ನೀವು ಕೂರಿಸಿದ ಮೆಟ್ಟಿಲು ಒಂದೂ ಅಲುಗಿಲ್ಲ ಅಂತ ಬರಿ."

ಬರೆದೆ. ಒಂದು ಸ್ಪೆಲ್ಲಿಂಗೂ ತಪ್ಪದ ಹಾಗೆ, ದುಂಡಗೆ ಬರೆದೆ.